ಬಿಡಿಸಿಕೊಳ್ಳದ ಕೂಸು

ನಮ್ಮ ಅತ್ತೆ ಮಾರಮ್ಮನವರು ಕತ್ರಿಗುಪ್ಪೆಯಲ್ಲಿ ಎಲ್ಲರನ್ನೂ ಮಗ ಎಂದೇ ಕರೆಯುತ್ತಿದ್ದರು. ಹಾಲು ಹಾಕುವವನು ಮಗ, ಸೀಮೆಎಣ್ಣೆ ಗಾಡಿಯವನು ಮಗ, ಬಸ್ಸಿನ ಕಂಡಕ್ಟರ್ ಮಗ. ಸೊಸೆಯಾದ ನಾನು ಮಗಳೇ. ಜಗುಲಿ ಮೇಲೆ ಮಲಗುತ್ತಿದ್ದ ಬೀದಿನಾಯಿಗೂ "ಏಳ್ ಮಗಾ, ಬಿಸ್ಲು ಬಂತು" ಅನ್ನುವರು. ಹಾಗೆ ಕರೆಸಿಕೊಳ್ಳದೆ ಉಳಿದವರು ಇಡೀ ಊರಿಗೆ ಒಬ್ಬರೇ. ಅವರೇ ಹೆತ್ತ ಮಗ, ನನ್ನ ಗಂಡ, ಸಂಜೀವಯ್ಯ.

ಇವರು ಹುಟ್ಟುವ ಮುಂಚೆ ಅತ್ತೆಗೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಕೆಲವು ಜ್ವರದಲ್ಲಿ ಹೋದವು, ಒಂದು ಸಿಡುಬಿನಲ್ಲಿ, ಒಂದು ಯಾಕೆ ಅಂತ ಯಾರಿಗೂ ತಿಳಿಯದೆ. ಹಾಗಾಗಿ ಇವರು ಹುಟ್ಟಿದ ಕೂಡಲೇ ಹಿರಿಯರು ಹೇಳಿದಂತೆ ಮಾರಿಬಿಟ್ಟರು. ಅದು ಆ ಊರಿನ ರೂಢಿ. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡುವುದು, ಪಕ್ಕದ ಮನೆಯವಳು ಬಂದು ಒಂದು ಹಿಡಿ ತೌಡು ಕೊಟ್ಟು ಕೊಂಡುಕೊಳ್ಳುವುದು. ಆಮೇಲೂ ಕೂಸು ಹೆತ್ತವಳ ಮನೆಯಲ್ಲೇ, ಹೆತ್ತವಳ ಹಾಲು ಕುಡಿದೇ ಬೆಳೆಯುತ್ತದೆ. ಆದರೆ ಲೆಕ್ಕಕ್ಕೆ ಪಕ್ಕದ ಮನೆಯವಳದು. ಹೆತ್ತವಳು ನನ್ನದು ಅನ್ನಬಾರದು, ಮಗ ಅನ್ನಬಾರದು. ಅಂದರೆ ಸಾವಿಗೆ ಕೇಳಿಸಿಬಿಡುತ್ತದೆ.

ಕೊಂಡವರು ಸಪ್ಪಲಮ್ಮ ಅಂತ, ಹಸು ಕಟ್ಟಿಕೊಂಡಿದ್ದ ವಿಧವೆ, ಹಿಂದಿಲ್ಲ ಮುಂದಿಲ್ಲ. ನನ್ನ ಗಂಡ ಅವರನ್ನು ಅಮ್ಮ ಎಂದೂ ಹೆತ್ತ ತಾಯಿಯನ್ನು ಅಕ್ಕ ಎಂದೂ ಕರೆದು ಬೆಳೆದರು. ಇವರಿಗೆ ಒಂಬತ್ತು ವರ್ಷ ಇರುವಾಗ ಸಪ್ಪಲಮ್ಮ ವಿಷಮಶೀತ ಜ್ವರ ಬಂದು ತೀರಿಕೊಂಡರು. ಇನ್ನಾದರೂ ಅಕ್ಕ ಅಮ್ಮನಾಗುತ್ತಾಳೆ ಅಂತ ಹುಡುಗ ಕಾದ. ಆಗಲಿಲ್ಲ. ಕಾಲೇಜಿಗೆ ಹೋದರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು, ಮದುವೆಯಾಯಿತು, ಎರಡು ಮಕ್ಕಳಾದವು. ಅತ್ತೆ ಆಗಲೂ ಇವರನ್ನು ಸಂಜೀವಯ್ಯ ಅಂತ ಪೂರಾ ಹೆಸರು ಹಿಡಿದೇ ಕರೆಯುತ್ತಿದ್ದರು, ಬಾಡಿಗೆಗೆ ಬಂದ ಯಾರೋ ಮೇಷ್ಟ್ರನ್ನು ಕರೆಯುವ ಹಾಗೆ.

ಮದುವೆಯಾದ ಹೊಸದರಲ್ಲಿ ಇವರು ನನ್ನ ಹತ್ತಿರ ಒಂದು ಸಲ ಅಂದಿದ್ದರು. "ಚಿಕ್ಕೋನಿದ್ದಾಗ ಸರಿ ಕಣೇ, ಭಯ ಇತ್ತು. ಮೀಸೆ ಬಂದ್ಮೇಲೂ ಯಾಕೆ? ಅವಳಿಗೆ ಅಭ್ಯಾಸ ಆಗ್ಹೋಯ್ತು, ಅಷ್ಟೇ. ನಾನು ಅವಳ ಮಗ ಆಗ್ದೇ ಇರೋದೇ ಅಭ್ಯಾಸ ಆಗ್ಹೋಯ್ತು."

ನಾನು ಚನ್ನಪಟ್ಟಣದ ಕಡೆಯವಳು. ನಮ್ಮಲ್ಲಿ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪಯ್ಯ ಅಂತ ಹೆಸರಿಟ್ಟರೆ ಮುಗಿಯಿತು. ಮಾರುವುದು, ಕೊಳ್ಳುವುದು ನನಗೆ ಹೊಸದು. ಏನು ಹೇಳಲಿ?

ಆ ಸಂಕಟವೇ ಕಾದಂಬರಿಯಾಯಿತು. 'ಮೊರದ ಕೂಸು' ಅಂತ ಹೆಸರು. ಕಚೇರಿಯಿಂದ ಬಂದು, ಮಕ್ಕಳ ಗಲಾಟೆಯ ನಡುವೆ, ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬರೆದರು. ಎಂಬತ್ತನಾಲ್ಕರಲ್ಲಿ ಅಚ್ಚಾಯಿತು. ಅದರಲ್ಲಿ ತಾಯಿಗೆ ಹೆಸರೇ ಇಲ್ಲ, ಉದ್ದಕ್ಕೂ 'ಹೆತ್ತವಳು' ಅಷ್ಟೇ. ಮಗನನ್ನು ಮಾರಿ, ಮಾರಿದ್ದಕ್ಕೆ ಒಳಗೊಳಗೇ ಹಗುರಾಗಿ, ಕಲ್ಲಿನಂತೆ ಬಾಳಿಬಿಡುವ ಹೆಂಗಸು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಮಕ್ಕಳ ಪರೀಕ್ಷೆ ನಡೆಯುತ್ತಿರುವಾಗ ಮೇಷ್ಟ್ರ ಕುರ್ಚಿಯಲ್ಲಿ ಕೂತು ಓದಿ ಮುಗಿಸಿದೆ. ಮನೆಗೆ ಬಂದು ಚೆನ್ನಾಗಿದೆ ಅಂದೆ. ಚೆನ್ನಾಗಿಯೇ ಇತ್ತು.

ಜಯನಗರದ ಒಂದು ಕನ್ನಡ ಸಂಘದವರು ಪುಸ್ತಕದ ಮೇಲೆ ಸಂವಾದ ಇಟ್ಟುಕೊಂಡು ಇವರನ್ನು ಕರೆದರು. ಸುದ್ದಿ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಹಟ ಹಿಡಿದರು.

"ಸಂಜೀವಯ್ಯಂಗೆ ಹಾರ ಹಾಕ್ತಾರಂತಲ್ಲ, ನಾನೂ ನೋಡ್ಬೇಕು."

ಇವರು ಮುಖ ತಿರುಗಿಸಿ ನನಗೆ ಹೇಳಿದರು, "ಬೇಡ ಅನ್ನು. ಮಾತಾಡೋದೆಲ್ಲ ಪುಸ್ತಕದ ಕನ್ನಡ. ಅಕ್ಕಂಗೆ ತಲೆಬುಡ ತಿಳಿಯಲ್ಲ, ತೂಕಡಿಸ್ತಾಳೆ."

"ತೂಕಡಿಸಿದ್ರೆ ತೂಕಡಿಸ್ತೀನಿ. ಹರಿಕತೇಲೂ ತೂಕಡಿಸ್ತೀನಿ. ಪುಣ್ಯ ಬರಲ್ವಾ?" ಅಂದರು ಅತ್ತೆ.

ಇವರ ಹೆದರಿಕೆ ತೂಕಡಿಕೆಯದ್ದಲ್ಲ ಅಂತ ನನಗೆ ಗೊತ್ತಿತ್ತು. ಅತ್ತೆಗೆ ಓದು ಬರುವುದಿಲ್ಲ, ಕಿವಿ ಮಾತ್ರ ಚುರುಕು. ಆದರೆ ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಕಾರಣವೂ ಇರಲಿಲ್ಲ, ತ್ರಾಣವೂ ಇರಲಿಲ್ಲ. ಮಕ್ಕಳನ್ನು ಪಕ್ಕದ ಮನೆಯ ಅಂಕಮ್ಮನ ಹತ್ತಿರ ಬಿಟ್ಟು, ಅತ್ತೆಗೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಡಿಸಿ ಕರೆದುಕೊಂಡು ಹೊರಟೆ. ಇವರು ಮೊದಲೇ ಹೋಗಿದ್ದರು.

ಬಸ್ಸಿನಲ್ಲಿ ಅತ್ತೆ ಕಂಡಕ್ಟರಿಗೆ ಹೇಳಿದರು, "ಫೋರ್ತ್ ಬ್ಲಾಕ್ ಬಂದಾಗ ಕೂಗು ಮಗಾ. ನಮ್ ಮನೇಲಿ ಒಬ್ರಿಗೆ ಹಾರ ಹಾಕ್ತಾರೆ."

"ಯಾಕಜ್ಜಿ, ಎಲೆಕ್ಷನ್ ಗೆದ್ರಾ?"

"ಬುಕ್ ಬರೆದವ್ನೆ."

"ಹಂಗಾದ್ರೆ ಹಾರ ಮಾತ್ರ ಬಿಡಿ, ಬೇರೇನೂ ಕೊಡಲ್ಲ," ಅಂದು ಅವನು ಟಿಕೆಟ್ ಹರಿದ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಗುವುದು ಅವರಿಗೆ ಯಾವಾಗಲೂ ಸುಲಭ.

ಒಂದು ಶಾಲೆಯ ಮಹಡಿ ಮೇಲಿನ ಹಾಲ್. ಕಬ್ಬಿಣದ ಮಡಚುವ ಕುರ್ಚಿಗಳು, ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಇವರ ಹೆಸರು. ನಲವತ್ತು ಐವತ್ತು ಜನ ಇದ್ದಿರಬೇಕು, ಹೆಚ್ಚಿನವರು ನಿವೃತ್ತರು. ನಾವು ಮೂರನೆಯ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ಇವರ ಪಕ್ಕ ಪ್ರಶ್ನೆ ಕೇಳುವವರಾಗಿ ಅನಂತಪದ್ಮನಾಭ ಎಂಬ ಕಾಲೇಜಿನ ಮೇಷ್ಟ್ರು ಕೂತಿದ್ದರು. ಬಸವನಗುಡಿಯ ಹಳೆಯ ಮನೆತನದವರು, ಸಜ್ಜನ. ಪುಸ್ತಕದ ತುಂಬ ಕಾಗದದ ಗುರುತು ಇಟ್ಟುಕೊಂಡು ಬಂದಿದ್ದರು. ಒಬ್ಬ ಓದುಗ ಇಷ್ಟು ಪ್ರೀತಿಯಿಂದ ಓದಿದರೆ ಬರೆದವರಿಗೆ ಇನ್ನೇನು ಬೇಕು?

ಮೊದಲು ಹಾರ ಹಾಕಿದರು. ಅತ್ತೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಮೈಕು ಕಿರುಚಿತು, ಒಬ್ಬರು ಅದರ ತಲೆಗೆ ಬಡಿದರು, ಮಾತು ಶುರುವಾಯಿತು. ಭಾಷೆ, ಶೈಲಿ, ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹಳ್ಳಿ ಎಂದೆಲ್ಲ ಸುತ್ತಿ ಸುತ್ತಿ ಮೇಷ್ಟ್ರು ತಾಯಿಯ ಹತ್ತಿರ ಬಂದರು.

"ಸಂಜೀವಯ್ಯನವರೇ, ಅರಿಶಿನದ ಅಧ್ಯಾಯ ಓದಿ ನನಗೆ ಆ ದಿನ ಊಟ ಸೇರಲಿಲ್ಲ. ಮಗನ ಮದುವೆ. ಅಂಗಳದಲ್ಲಿ ಎಲ್ಲರೂ ಅವನಿಗೆ ಅರಿಶಿನ ಹಚ್ತಿದಾರೆ. ಹೆತ್ತವಳು ಮಾತ್ರ ಹಿತ್ತಲಲ್ಲಿ ಕೂತಿದಾಳೆ. ಕರೆದರೂ ಬರೋದಿಲ್ಲ. ಏನಿದು? ಯಾಕೆ ಅವಳು ಹಾಗೆ?"

ಅದು ನನ್ನದೇ ಮದುವೆ. ಅತ್ತೆ ಅರಿಶಿನಕ್ಕೆ ಬರಲಿಲ್ಲ. ಸೋದರತ್ತೆ ಯಾರೋ ಹಚ್ಚಿ ಶಾಸ್ತ್ರ ಮುಗಿಸಿದ್ದರು.

ನನ್ನ ಗಂಡ ನೀರು ಕುಡಿದು ಹೇಳಿದರು. "ಸಾರ್, ಒಂದು ವಸ್ತುವನ್ನು ಮಾರಿದ ಮೇಲೆ ಅದರ ಹೊಣೆ ಇರೋದಿಲ್ಲ. ಐದು ಸಲ ಅತ್ತವಳು ಅವಳು. ಆರನೇ ಸಲ ಅಳೋ ಶಕ್ತಿ ಇರಲಿಲ್ಲ. ಮಾರಾಟ ಅನ್ನೋದು ಅವಳಿಗೆ ಒಂದು ಬಿಡುಗಡೆ ಆಯ್ತು. ಪ್ರೀತಿ ಮಾಡದೇ ಇರೋದಕ್ಕೆ ಊರೇ ಅಪ್ಪಣೆ ಕೊಟ್ಟಂಗಾಯ್ತು. ಅವಳು ಆ ಅಪ್ಪಣೆಯನ್ನ ವಾಪಸ್ ಕೊಡಲೇ ಇಲ್ಲ."

ಮುಂದಿನ ಸಾಲಿನ ಸೀತಮ್ಮ ಎನ್ನುವವರು, ಸಂಘದ ಖಜಾಂಚಿ, ತಡೆಯಲಾರದೆ ಅಂದುಬಿಟ್ಟರು. "ಅಯ್ಯೋ, ಹಾಗೂ ಇರ್ತಾರಾ ತಾಯಂದ್ರು? ಕಲ್ಲಿನೆದೆ ಅಂದ್ರೆ ಇದೇ."

ನಾನು ಅತ್ತೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಅವರು ತೂಕಡಿಸುತ್ತಿರಲಿ ದೇವರೇ ಅಂದುಕೊಂಡೆ. ಅಷ್ಟರಲ್ಲಿ ಅವರ ಬಾಯಿ ನನ್ನ ಕಿವಿಯ ಹತ್ತಿರ ಬಂತು.

"ಯಾರೂ ಬಿಡಿಸಿಕೊಡ್ಲಿಲ್ವಾ ಅವಳಿಗೆ, ಕೂಸ್ನ?"

"ಯಾರಿಗೆ ಅತ್ತೆ?"

"ಅದೇ, ಬುಕ್ಕಿನೋಳ್ಗೆ."

"ಬಿಡಿಸೋದು ಅಂದ್ರೆ?"

ಅವರು ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. "ಮಾರಿದ್ಮೇಲೆ ಬಿಡಿಸ್ಕೋಬೇಕಲ್ವಾ ಮಗಳೇ. ಮದುವೆ ಅರಿಶಿನಕ್ಕೆ ಮುಂಚೆ. ಕೊಂಡೋಳು ಹುಡುಗನ್ನ ಕರ್ಕೊಂಬಂದು ಹೊಸ್ಲಲ್ಲಿ ನಿಲ್ಲಿಸ್ತಾಳೆ. ಹೆತ್ತೋಳು ಮೊರದಲ್ಲಿ ತೌಡು ಇಟ್ಕೊಂಡು ವಾಪಸ್ ಕೊಡ್ತಾಳೆ. ತಗೋ ನಿನ್ ಕೂಸು ಅಂತ ಅವಳು ಬಾಯ್ಬಿಟ್ಟು ಹೇಳ್ಬೇಕು. ಆಮೇಲೆ ಅರಿಶಿನ ಹಚ್ಬೋದು. ಆಮೇಲೆ ಕರೀಬೋದು."

"ಕೊಂಡೋಳು ಸತ್ತೋಗಿದ್ರೆ?"

"ಅದೇ ಮತ್ತೆ. ಅವಳ ಒಡಹುಟ್ದೋರು ಹೇಳ್ಬೋದು, ಅವಳ ಮಕ್ಳು ಹೇಳ್ಬೋದು. ಯಾರೂ ಇಲ್ದೋಳ ಕೈಗೆ ಮಾರಿದ್ರೆ? ಬುಕ್ಕಿನೋಳು ಏನ್ ಮಾಡ್ತಾಳೆ, ಪಾಪ. ಮೊರ ಇಟ್ಕೊಂಡು ಹಿತ್ಲಲ್ಲಿ ಕೂತಿರ್ತಾಳೆ. ಯಾರಾದ್ರೂ ದೊಡ್ಡೋರು ಬಂದು, ನಾನ್ ಹೇಳ್ತೀನಿ ಬಾರೇ ಅಂತಾರೇನೋ ಅಂತ. ಮುಹೂರ್ತ ಮೀರ್ತದೆ. ತೌಡು ಹಸೂಗೆ ಹಾಕಿ ಎದ್ ಬರ್ತಾಳೆ."

ವೇದಿಕೆಯ ಮೇಲೆ ಯಾರೋ ಅದು ಅಕ್ಕಿ ತೌಡೋ ರಾಗಿ ತೌಡೋ ಅಂತ ಕೇಳಿದರು. ಜನ ನಕ್ಕರು. ಇವರೂ ನಕ್ಕರು.

ಆ ಊರಲ್ಲಿ ಲಸಿಕೆ ಬಂದು, ಆಸ್ಪತ್ರೆ ಹತ್ತಿರವಾಗಿ, ಮಕ್ಕಳನ್ನು ಮಾರುವುದೇ ನಿಂತುಹೋಗಿತ್ತು. ಬಿಡಿಸಿಕೊಳ್ಳುವುದನ್ನು ಕಣ್ಣಾರೆ ಕಂಡವರು ಎಷ್ಟು ಜನ ಉಳಿದಿದ್ದರು? ಅದು ಹೆಂಗಸರ ಶಾಸ್ತ್ರ, ಗಂಡಸರಿಗೆ ಯಾರು ಹೇಳುತ್ತಾರೆ? ನನ್ನ ಗಂಡನಿಗೆ ತನ್ನನ್ನು ಮಾರಿದ್ದು ಮಾತ್ರ ಗೊತ್ತಿತ್ತು, ಅರ್ಧ ಕತೆ.

"ಅತ್ತೆ, ಅವಳು ಇದನ್ನ ಅವನಿಗೆ ಯಾಕೆ ಹೇಳ್ಲಿಲ್ಲ?"

"ಹೇಳೋದು ಹೆಂಗೆ? ನಿನ್ನ ಕರಿಯೋಕೆ ಆಸೆ ಐತೆ ಅಂದ್ರೂ ಕರೆದಂಗೇ ಅಲ್ವಾ?" ಸೆರಗು ಸರಿ ಮಾಡಿಕೊಂಡು ಅಂದರು, "ಇದು ಬುಕ್ಕಿನೋಳ ಮಾತು ಅಂತ ನಿಂಗೆ ಹೇಳ್ದೆ. ಬುಕ್ಕಿನೋಳ ವಿಷಯ ಯಾರ್ ಬೇಕಾದ್ರೂ ಮಾತಾಡ್ಬೋದಲ್ಲ. ಇಷ್ಟು ಜನ ಮಾತಾಡ್ತಾವ್ರೆ."

ಅನಂತಪದ್ಮನಾಭ ಮೇಷ್ಟ್ರು ಸಭಿಕರ ಕಡೆ ತಿರುಗಿ ಪ್ರಶ್ನೆ ಇದ್ದವರು ಕೈ ಎತ್ತಿ ಅಂದರು. ನನಗೇ ಗೊತ್ತಿಲ್ಲದೆ ನನ್ನ ಕೈ ಮೇಲಕ್ಕೆ ಹೋಗುತ್ತಿತ್ತು. ಅತ್ತೆ ಅದನ್ನು ಹಿಡಿದು ಮಡಿಲಿಗೆ ಒತ್ತಿಕೊಂಡರು. ರಾಗಿ ಬೀಸಿ ಬೀಸಿ ಗಟ್ಟಿಯಾದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ.

"ಸುಮ್ನಿರು. ಹಾರ ಹಾಕಿರೋ ದಿನ."

ಕೊನೆಗೆ ಮೇಷ್ಟ್ರು, ಇಂಥ ತಾಯಿಯನ್ನು ಕನ್ನಡದಲ್ಲಿ ಯಾರೂ ಇಷ್ಟು ನಿರ್ದಾಕ್ಷಿಣ್ಯವಾಗಿ ಚಿತ್ರಿಸಿಲ್ಲ ಅಂದರು. ದೊಡ್ಡ ಚಪ್ಪಾಳೆ ಬಿತ್ತು. ಅತ್ತೆಯೂ ತಟ್ಟಿದರು, ನನ್ನ ಕೈ ಬಿಟ್ಟು.

ಬಸ್ ಸ್ಟಾಪಿನಲ್ಲಿ ಸಂಜೆಯ ಸಂತೆಯಂಥ ಜನ. ಇವರು ಹಾರವನ್ನು ಪೇಪರಿನಲ್ಲಿ ಸುತ್ತಿ ಹಿಡಿದುಕೊಂಡು, ಬಹಳ ದಿನದ ಮೇಲೆ ಹಗುರಾಗಿ ನಿಂತಿದ್ದರು. ಆ ಹಗುರವನ್ನು ಕೆಡಿಸುವುದು ನನ್ನ ಪಾಲಿಗೆ ಬಂದಿತ್ತು. ಮನೆಯಲ್ಲಿ ಮಕ್ಕಳ ಎದುರು ಆಗುವ ಮಾತಲ್ಲ ಅಂತ ಅಲ್ಲೇ, ಕಡಲೆಕಾಯಿ ಗಾಡಿಯ ಪಕ್ಕ ಕರೆದು ಹೇಳಿದೆ. ಮೊರ, ತೌಡು, ಹಿತ್ತಲು, ಹೊಸಿಲು. ಅತ್ತೆ ಆ ಕಡೆ ಮುಖ ಮಾಡಿ ನಿಂತಿದ್ದರು.

ಇವರು ಮೊದಲು ನಂಬಲಿಲ್ಲ. "ಯಾರು ಹೇಳಿದ್ದು ನಿಂಗೆ?" ಅಂದರು. ಆಮೇಲೆ ಅತ್ತೆಯ ಬೆನ್ನು ನೋಡಿದರು. ಆಮೇಲೆ ಅವರ ಮುಖದಲ್ಲಿ ಏನೇನೋ ಆಗತೊಡಗಿತು, ನಾನು ಬೇರೆ ಕಡೆ ನೋಡಿದೆ.

"ಅಕ್ಕ," ಅಂತ ಹೋಗಿ ಎದುರು ನಿಂತರು. "ಅಕ್ಕ, ನಾನು ತಪ್ಪು ತಿಳ್ಕೊಂಡೆ. ನಂಗೆ ಗೊತ್ತಿರ್ಲಿಲ್ಲ."

"ಏನ್ ಸಂಜೀವಯ್ಯ? ಚೆನ್ನಾಗಿ ಮಾತಾಡ್ದೆ. ಎಲ್ಲಾ ಚಪ್ಪಾಳೆ ತಟ್ಟಿದ್ರು."

"ಅದೆಲ್ಲ ಮೂಢನಂಬಿಕೆ ಅಕ್ಕ. ನಂಗೆ ನಲವತ್ತು ದಾಟ್ತು. ತಲೆ ನರೀತಿದೆ. ಇನ್ನೇನು ಆಗುತ್ತೆ? ಒಂದ್ಸಲ ಕರಿ. ಇಲ್ಲೇ. ಯಾರಿಗೂ ಕೇಳ್ಸಲ್ಲ, ಇಷ್ಟು ಗಲಾಟೆ ಇದೆ."

ಒಂದು ಬಸ್ಸು ಬಂದು, ಜನ ಇಳಿದು ಹತ್ತಿ, ಹೋಯಿತು. ಅದು ನಮ್ಮದೇ ಬಸ್ಸು, ಯಾರೂ ಹತ್ತಲಿಲ್ಲ.

"ನಿನ್ ಬುಕ್ಕಿನೋಳ್ನೇ ತಗೋ," ಅಂದರು ಅತ್ತೆ ಆಮೇಲೆ, ಇವರ ಅಂಗಿಯ ಗುಂಡಿ ನೋಡುತ್ತ. "ಆ ಶಾಸ್ತ್ರ ಸುಳ್ಳು ಅನ್ಕೋ. ಹಂಗಾದ್ರೆ ಅವಳು ಇಷ್ಟು ವರ್ಷ ಸುಮ್ಸುಮ್ನೆ ಬಾಯಿ ಕಟ್ಕೊಂಡಿದ್ಲು. ಅವನು ಬಿದ್ದಾಗ, ಪಾಸಾದಾಗ, ಮದುವೇಲಿ, ಸುಮ್ಸುಮ್ನೆ. ಅದನ್ನ ಅವಳು ತಡ್ಕೋತಾಳಾ? ನಿಜ ಅನ್ಕೋ. ಕರೆದ ದಿನ ಕಳ್ಕೋತಾಳೆ. ಬರೆದೋನು ನೀನು. ಅವಳಿಗೆ ಯಾವುದಾಗ್ಲಿ, ನೀನೇ ಹೇಳು."

ಅಂದು ಸಂಜೆಯೆಲ್ಲ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಹಾರದ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಬೇಡ ಬಿಡು," ಅಂದರು. "ಕರೀಬೇಡ."

"ಹೂಂ," ಅಂದರು ಅತ್ತೆ. "ಹಸಿವಾಗಿರ್ಬೇಕು ನಿಂಗೆ. ಮಧ್ಯಾಹ್ನಾನೂ ಸರಿಯಾಗಿ ಉಣ್ಲಿಲ್ಲ."

ಆಮೇಲೆ ಬೇರೆ ಸಂಘದವರೂ ಕರೆದರು. ಇವರು ಹೋಗಲಿಲ್ಲ. ಎರಡನೆಯ ಮುದ್ರಣಕ್ಕೆ ಕೇಳಿದಾಗ ಅರಿಶಿನದ ಅಧ್ಯಾಯ ತಿದ್ದಬೇಕು ಅಂತ ಕೂತರು. ತಿದ್ದಿದರೆ ಪುಸ್ತಕದವಳು ಅಕ್ಕನೇ ಅಂತ ಒಪ್ಪಿಕೊಂಡಂತೆ ಆಗುತ್ತದಲ್ಲ ಅಂತ ಎದ್ದರು. ಪುಸ್ತಕ ಹಾಗೆಯೇ ನಿಂತುಹೋಯಿತು. ಈಗ ಎಲ್ಲೂ ಸಿಗುವುದಿಲ್ಲ.

ಅತ್ತೆ ಅದಾದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಬದುಕಿದ್ದರು. ತಾಯಿ ಮಗನ ನಡುವೆ ಮಾತೇನೂ ಹೆಚ್ಚಲಿಲ್ಲ. ಆದರೆ ಇವರು ಕಚೇರಿಯಿಂದ ಬಂದ ಕೂಡಲೇ ಅತ್ತೆ ಕೂತ ಕಡೆ ಹೋಗಿ ಕೂರುವರು. ಅವರು ಅವರೆಕಾಯಿ ಬಿಡಿಸುತ್ತಿದ್ದರೆ ತಾವೂ ಬಿಡಿಸುವರು. ಬೀದಿಯಲ್ಲಿ ಹೊಸ ಮನೆಗಳ ಗಾರೆ ಕೆಲಸ ನಡೆಯುತ್ತಿತ್ತು, ಇಬ್ಬರೂ ಅದನ್ನು ನೋಡುತ್ತ ಕೂತಿರುತ್ತಿದ್ದರು. ನಾನು ಶಾಲೆಯಿಂದ ಬಂದು, ಒಲೆ ಹಚ್ಚಿ, ಮಕ್ಕಳ ಮಗ್ಗಿ ಒಪ್ಪಿಸಿಕೊಳ್ಳುತ್ತ, ಒಳಗಿನಿಂದ ಕಿವಿ ಕೊಡುತ್ತಿದ್ದೆ. ಇವತ್ತು ಕರೆಯಬಹುದು ಅಂತ. ನಾನೂ ಹೆತ್ತವಳು, ನನಗೆ ತಡೆಯುತ್ತಿರಲಿಲ್ಲ.

ಎಂಬತ್ತೇಳರ ಮಾಘದಲ್ಲಿ, ಎರಡು ದಿನ ಎದೆನೋವು ಅಂತ ಮಲಗಿದ್ದ ಅತ್ತೆ ಬೆಳಗ್ಗೆ ಹಾಲು ಬರುವ ಹೊತ್ತಿಗೆ ಹೋಗಿಬಿಟ್ಟರು.

ಅಂಗಳದಲ್ಲಿ ಚಟ್ಟ ಕಟ್ಟಿದರು. ನಮ್ಮಲ್ಲಿ ಹೂಳುವುದಾದರೂ ಬೆಂಕಿಯ ಮಡಕೆ ಹಿಡಿದು ಹೆಣದ ಮುಂದೆ ನಡೆಯುವುದು ಮಗನ ಕೆಲಸ. ಇವರು ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು ಬಂದು ಮಡಕೆಗೆ ಕೈ ಚಾಚಿದರು. ಆಗ ನನ್ನ ಮಾವನ ಅಣ್ಣನ ಮಗ ಯಲ್ಲಯ್ಯ ಎದುರು ಬಂದು ನಿಂತರು. ಅರವತ್ತರ ಹತ್ತಿರದ ಮನುಷ್ಯ, ಗಡಸು ಮಾತು, ಅವತ್ತು ಮಾತ್ರ ತೊದಲಿದರು.

"ಸಂಜೀವಯ್ಯ, ತಪ್ಪು ತಿಳ್ಕೋಬೇಡ. ಚಿಕ್ಕಮ್ಮ ನನ್ ಕೈ ಹಿಡ್ಕೊಂಡು ಭಾಷೆ ತಗೊಂಡವ್ಳೆ. ಮಡಕೆ ನೀನೇ ಹಿಡೀಬೇಕು, ಮೊದಲ ಮಣ್ಣು ನೀನೇ ಹಾಕ್ಬೇಕು, ಅವನ ಕೈಯಾಗೆ ಮಾಡಿಸ್ಬೇಡ ಅಂತ. ನಾನು ಬೈದೆ, ನಿಂಗೇನ್ ತಲೆ ಕೆಟ್ಟದಾ ಅಂತ. ನಾನ್ ಹೋದ್ಮೇಲೂ ಅವನು ಇರ್ಬೇಕಲ್ಲ ಯಲ್ಲಯ್ಯ ಅಂದ್ಳು."

ಅಂಗಳ ತುಂಬ ಜನ. ಇವರ ಕಚೇರಿಯವರು ಇದ್ದರು. ಒಬ್ಬರು ಮುಂದೆ ಬಂದು, ಇದೇನ್ರೀ ಅನ್ಯಾಯ, ಹೆತ್ತ ಮಗ ಇದ್ದು ಅಂತ ದನಿ ಎತ್ತಿದರು. ಯಲ್ಲಯ್ಯ ನನ್ನನ್ನು ನೋಡಿದರು. ಇವರು ಹಟ ಹಿಡಿದರೆ ತಡೆಯುವವರು ಯಾರೂ ಇರಲಿಲ್ಲ. ಹಿಡಿಯಲಿ ಅಂತಲೂ ನನಗೆ ಅನ್ನಿಸಿತು. ಕರೆಯುವ ಬಾಯಿಯೇ ಮುಚ್ಚಿಹೋದ ಮೇಲೆ ಇನ್ನು ಯಾರ ಭಯ?

ಇವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ನೀನೇ ಹಿಡ್ಕೊ ಯಲ್ಲಣ್ಣ," ಅಂದರು.

ಯಲ್ಲಯ್ಯ ಮುಂದೆ ನಡೆದರು. ಹೊರುವುದಕ್ಕೂ ಹೆಗಲು ಕೊಡಲಿಲ್ಲ ಇವರು, ಕೊಡಬಹುದೋ ಬಾರದೋ ಅಂತ ಕೇಳಲೂ ಇಲ್ಲ. ಒದ್ದೆ ಪಂಚೆಯಲ್ಲೇ ಬೀದಿಯ ಜನರ ನಡುವೆ, ಹಾಲಿನವನ ಪಕ್ಕ ನಡೆದು ಹೋದರು. ನಾವು ಹೆಂಗಸರು ಬಾಗಿಲಲ್ಲೇ ನಿಂತೆವು.

ಗುಂಡಿಯ ಹತ್ತಿರ ನಡೆದದ್ದನ್ನು ಆಮೇಲೆ ಯಲ್ಲಯ್ಯ ಹೇಳಿದರು. ಮೊದಲು ನೆಂಟರು ಮಣ್ಣು ಹಾಕಿದರಂತೆ, ಆಮೇಲೆ ಕೇರಿಯವರು, ಆಮೇಲೆ ಕಚೇರಿಯವರು. ಎಲ್ಲರದೂ ಆದ ಮೇಲೆ ಇವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ದಾರಿಹೋಕನ ಹಾಗೆ, ಮುಖ ಆ ಕಡೆ ತಿರುಗಿಸಿ ಹಾಕಿದರಂತೆ.